ಕಲ್ಲಿದ್ದಲು ಟಾರಿನಿಂದ ಹಗುರ ಇಂಧನ: ಪದೇ ಪದೇ ಕೇಳುವ ಪ್ರಶ್ನೆಗಳು

"ಟಾರಿನಿಂದ ಡೀಸೆಲ್ ಮಾಡಬಹುದಂತೆ, ನಿಜವಾ?" ಈ ಪ್ರಶ್ನೆಯನ್ನು ಕೆಮಿಕಲ್ ಇಂಜಿನಿಯರಿಂಗ್ ಓದುವ ಮಕ್ಕಳೂ ಕೇಳುತ್ತಾರೆ, ಉಕ್ಕಿನ ಕಾರ್ಖಾನೆಯ ಆಸುಪಾಸಿನವರೂ ಕೇಳುತ್ತಾರೆ, ದುಡ್ಡು ಹಾಕಲು ಹೊರಟವರೂ ಕೇಳುತ್ತಾರೆ. ನಿಜ, ಮಾಡಬಹುದು. ಟಾರಿಗೆ ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿ ನೂರು ವರ್ಷದ ಹಿಂದೆಯೇ ಮಾಡಿದ್ದಾರೆ. ಆದರೆ ಯಾರು ಕೇಳಿದರೂ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ನಿಮ್ಮ ಹತ್ತಿರ ಇರುವುದು ಯಾವ ಟಾರು? ಅದಕ್ಕೆ ಹೈಡ್ರೋಜನ್ ಎಲ್ಲಿಂದ ತರುತ್ತೀರಿ? ಕೆಳಗಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಈ ಎರಡಕ್ಕೇ ಬಂದು ನಿಲ್ಲುತ್ತವೆ.

ಕಲ್ಲಿದ್ದಲು ಟಾರು ಎಂದರೆ ರಸ್ತೆಗೆ ಹಾಕುವ ಡಾಂಬರೇ?

ಅಲ್ಲ. ಈಗ ರಸ್ತೆಗೆ ಹಾಕುವುದು ಬಿಟುಮೆನ್. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಶೇಷ ಅದು. ಕಲ್ಲಿದ್ದಲು ಟಾರು ಬೇರೆ ಕುಲದ್ದು. ಗಾಳಿ ತಾಗದಂತೆ ಮುಚ್ಚಿದ ಒಲೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿದಾಗ ಹೊರಡುವ ಹೊಗೆಯನ್ನು ತಣಿಸಿದರೆ, ನೀರಿನ ಜೊತೆ ಇಳಿಯುವ ಕಪ್ಪು, ಅಂಟು, ಘಾಟು ವಾಸನೆಯ ದ್ರವವೇ ಕಲ್ಲಿದ್ದಲು ಟಾರು. ಹಿಂದೆ ಇದನ್ನೂ ರಸ್ತೆಗೆ ಬಳಸುತ್ತಿದ್ದರು. ಜನರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು ಉಳಿದದ್ದು ಹಾಗೆ.

ನುಸಿಗುಳಿಗೆಗೆ ನಮ್ಮಲ್ಲಿ ಕೆಲವು ಕಡೆ "ಡಾಂಬರು ಗುಳಿಗೆ" ಅನ್ನುತ್ತಾರಲ್ಲ, ಆ ಹೆಸರು ಮಾತ್ರ ಸರಿಯಾಗಿದೆ. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿಡುವ ಆ ಬಿಳಿ ಗುಳಿಗೆ ನ್ಯಾಫ್ತಲೀನ್. ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡುವ ಗಟ್ಟಿ ಇಂಗಾಲ) ಒಲೆಯ ಟಾರಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಅದೇ ಇರುತ್ತದೆ. ಮುಂದಿನ ಲೆಕ್ಕಕ್ಕೆ ಆ ಗುಳಿಗೆಯನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ.

ಟಾರಿನಲ್ಲೂ ಬಗೆಗಳಿವೆಯೇ?

ಇವೆ. ಇಲ್ಲಿ ಎಡವಿದವರು ಮುಂದೆ ಎಲ್ಲದರಲ್ಲೂ ಎಡವುತ್ತಾರೆ.

ಉಕ್ಕಿನ ಕಾರ್ಖಾನೆಗೆ ಬೇಕಾದ ಗಟ್ಟಿ ಕೋಕ್ ತಯಾರಿಸಲು ಕಲ್ಲಿದ್ದಲನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅಷ್ಟು ಕಾವಿನಲ್ಲಿ ಟಾರಿನ ಆವಿ ಹೊರಬರುವಷ್ಟರಲ್ಲಿ ಮತ್ತೆ ಸೀಳಿ, ಮತ್ತೆ ಹೆಣೆದುಕೊಂಡು, ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿದ ದೊಡ್ಡ ದೊಡ್ಡ ಅಣುಗಳಾಗಿರುತ್ತವೆ. ಒಂದು ಟನ್ ಕಲ್ಲಿದ್ದಲಿಗೆ 30ರಿಂದ 40 ಕಿಲೋ ಟಾರು ಸಿಗುತ್ತದೆ. ಬಟ್ಟಿ ಇಳಿಸಿದರೆ ಅದರಲ್ಲಿ ಅರ್ಧದಷ್ಟು ಪಿಚ್ ಎಂಬ ಗಟ್ಟಿ ಕಪ್ಪು ಶೇಷವಾಗಿ ತಳದಲ್ಲೇ ಉಳಿಯುತ್ತದೆ. ಇದು ಅಧಿಕ ತಾಪದ ಟಾರು.

ಅದೇ ಕಲ್ಲಿದ್ದಲನ್ನು 500ರಿಂದ 700 ಡಿಗ್ರಿಯಲ್ಲಿ ಮೆಲ್ಲಗೆ ಕಾಯಿಸಿದರೆ ಟಾರು ಹೆಚ್ಚು ಬರುತ್ತದೆ, ಮೃದುವಾಗಿಯೂ ಇರುತ್ತದೆ. ಉಂಗುರಗಳಿಗೆ ಇಂಗಾಲದ ಬಾಲಗಳು ಇನ್ನೂ ಅಂಟಿಕೊಂಡಿರುತ್ತವೆ. ಫೀನಾಲ್ ಜಾತಿಯ (ಉಂಗುರಕ್ಕೆ ಆಮ್ಲಜನಕ ಅಂಟಿದ) ರಾಸಾಯನಿಕಗಳೇ ಶೇ. 20ರಿಂದ 30ರಷ್ಟು ಇರಬಹುದು. ಇದು ಅಲ್ಪ ತಾಪದ ಟಾರು.

ಎರಡನ್ನೂ ಅಳೆಯಲು ಒಂದೇ ಕೋಲು ಸಾಕು: ಒಂದು ಇಂಗಾಲದ ಪರಮಾಣುವಿಗೆ ಎಷ್ಟು ಹೈಡ್ರೋಜನ್ ಪರಮಾಣು? ಅಧಿಕ ತಾಪದ ಟಾರಿನಲ್ಲಿ 0.7ರಿಂದ 0.8. ಅಲ್ಪ ತಾಪದ ಟಾರಿನಲ್ಲಿ ಸುಮಾರು 1.2, ಕೆಲವೊಮ್ಮೆ ಅದಕ್ಕೂ ಮೇಲೆ. ಡೀಸೆಲ್‌ನಲ್ಲಿ 1.8ರ ಆಸುಪಾಸು. ಟಾರು ಈಗ ನಿಂತಿರುವ ಸಂಖ್ಯೆಗೂ 1.8ಕ್ಕೂ ನಡುವಿನ ಅಂತರವನ್ನು ದುಡ್ಡು ಕೊಟ್ಟು ತುಂಬಬೇಕು. ಅಲ್ಪ ತಾಪದ ಟಾರಿಗೆ ಆ ಅಂತರ ಕಡಿಮೆ, ಆದ್ದರಿಂದ ಈ ವಿದ್ಯೆ ಒಪ್ಪುವುದು ಮುಖ್ಯವಾಗಿ ಅದಕ್ಕೆ.

ಬಟ್ಟಿ ಇಳಿಸಿದರೆ ಸಾಲದೇ? ಹೈಡ್ರೋಜನ್ ಯಾಕೆ?

ಬಟ್ಟಿ ಇಳಿಸುವುದು ಬೇರ್ಪಡಿಸುವ ಕೆಲಸ, ಅದರಿಂದ ಅಣು ಬದಲಾಗುವುದಿಲ್ಲ. ಸುಮ್ಮನೆ ಜೋರಾಗಿ ಕಾಯಿಸಿದರೆ ಅಣುಗಳು ಸೀಳುತ್ತವೆ, ಆದರೆ ಇರುವ ಅಲ್ಪಸ್ವಲ್ಪ ಹೈಡ್ರೋಜನ್ ಹಗುರ ತುಂಡುಗಳ ಪಾಲಾಗಿ ಉಳಿದದ್ದು ಮಸಿಯಂಥ ಕೋಕ್ ಆಗುತ್ತದೆ. ಹೊರಗಿನಿಂದ ಹೈಡ್ರೋಜನ್ ಕೊಟ್ಟರೆ ಸೀಳಿದ ತುದಿಗಳನ್ನು ಅದು ಮುಚ್ಚುತ್ತದೆ. ತುಂಡುಗಳು ಮತ್ತೆ ಅಂಟಿಕೊಳ್ಳುವುದಿಲ್ಲ.

ಒಳಗೆ ನಿಜಕ್ಕೂ ಏನಾಗುತ್ತದೆ? ಒಂದು ಉದಾಹರಣೆ ಕೊಡಿ.

ನುಸಿಗುಳಿಗೆಗೆ ಬರೋಣ. ನ್ಯಾಫ್ತಲೀನ್ ಅಣುವಿನಲ್ಲಿ ಎರಡು ಉಂಗುರ, 10 ಇಂಗಾಲ, 8 ಹೈಡ್ರೋಜನ್. ಅದು ಕರಗುವುದು 80 ಡಿಗ್ರಿಯಲ್ಲಿ, ಕುದಿಯುವುದು 218ರಲ್ಲಿ. ಎರಡು ಅಣು ಹೈಡ್ರೋಜನ್ ಸೇರಿಸಿದರೆ ಒಂದು ಉಂಗುರ ತುಂಬಿಕೊಂಡು ಟೆಟ್ರಾಲಿನ್ ಆಗುತ್ತದೆ. ಕೋಣೆಯ ತಾಪದಲ್ಲೇ ಅದು ದ್ರವ, 207ರಲ್ಲಿ ಕುದಿಯುತ್ತದೆ. ಇನ್ನೂ ಮೂರು ಅಣು ಸೇರಿಸಿದರೆ ಎರಡನೇ ಉಂಗುರವೂ ತುಂಬಿ ಡೆಕಾಲಿನ್ ಆಗುತ್ತದೆ. ಅದರ ಎರಡು ರೂಪಗಳು 187 ಮತ್ತು 196ರಲ್ಲಿ ಕುದಿಯುತ್ತವೆ.

ಇದಕ್ಕೆ ಬಿದ್ದ ಖರ್ಚು ನೋಡಿ. ಒಂದು ಟನ್ ನ್ಯಾಫ್ತಲೀನ್ ಪೂರ್ತಿ ಡೆಕಾಲಿನ್ ಆಗಲು ಸುಮಾರು 79 ಕಿಲೋ ಹೈಡ್ರೋಜನ್ ಬೇಕು. ಕುದಿಯುವ ಬಿಂದು ಇಳಿದದ್ದು ಬರೀ ಇಪ್ಪತ್ತು ಮೂವತ್ತು ಡಿಗ್ರಿ! ಹೈಡ್ರೋಜನ್ ಸೇರಿಸಿದ ಮಾತ್ರಕ್ಕೆ ಅಣು ಚಿಕ್ಕದಾಗುವುದಿಲ್ಲ ಎಂಬುದನ್ನು ಹೊಸಬರು ಮರೆಯುವುದು ಇಲ್ಲೇ. ಹಗುರವಾಗಲು ಉಂಗುರ ಒಡೆಯಬೇಕು, ಆ ಸೀಳುವ ಕೆಲಸ ಬೇರೆ. ಆದರೆ ಬೆಂಜೀನ್ ಉಂಗುರವನ್ನು ನೇರವಾಗಿ ಒಡೆಯುವುದು ಬಹಳ ಕಷ್ಟ. ಮೊದಲು ಹೈಡ್ರೋಜನ್ ತುಂಬಿಸಿ ಸಡಿಲ ಮಾಡಿ, ಆಮೇಲೆ ಒಡೆಯಬೇಕು. ಹಾಗಾಗಿ ಈ ಘಟಕಗಳಲ್ಲಿ ಶುದ್ಧಮಾಡಿ ತುಂಬಿಸುವುದು ಒಂದು ಹಂತ, ಸೀಳುವುದು ಇನ್ನೊಂದು ಹಂತ.

ಇದರ ನಡುವೆ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ, ಸಾರಜನಕ ಅಮೋನಿಯಾ ಆಗಿ, ಆಮ್ಲಜನಕ ನೀರಾಗಿ ಹೊರಬರುತ್ತವೆ. ಮೂರರಲ್ಲಿ ಹೆಚ್ಚು ಕಾಡುವುದು ಸಾರಜನಕ. ಕ್ವಿನೋಲಿನ್‌ನಂಥ ಅಣುವಿನಲ್ಲಿ ಅದು ಉಂಗುರದ ಒಳಗೇ ಕೂತಿರುತ್ತದೆ. ಮೊದಲು ಆ ಉಂಗುರ ತುಂಬಬೇಕು, ಆಮೇಲೇ ಅದನ್ನು ಬಿಡಿಸಲು ಸಾಧ್ಯ. ಬಿಡಿಸದೆ ಬಿಟ್ಟರೆ ಮುಂದಿನ ಹಂತದ ಸೀಳುವ ಕ್ರಿಯಾವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತುವಿನ) ಆಮ್ಲೀಯ ಜಾಗಗಳಿಗೆ ಹೋಗಿ ಅಂಟಿ ಅದನ್ನು ನಿಷ್ಕ್ರಿಯ ಮಾಡುತ್ತದೆ.

ಯಾವ ಕ್ರಿಯಾವರ್ಧಕ ಬಳಸುತ್ತಾರೆ?

ಕ್ಯಾಟಲಿಸ್ಟ್ ಎಂದೇ ಎಲ್ಲರೂ ಕರೆಯುವ ಈ ವಸ್ತು ಇಂದಿನ ಘಟಕಗಳಲ್ಲಿ ಬಹುಮಟ್ಟಿಗೆ ಅಲ್ಯೂಮಿನಾ ಕಾಳುಗಳ ಮೇಲೆ ಹರಡಿದ ನಿಕಲ್-ಮಾಲಿಬ್ಡಿನಂ ಅಥವಾ ನಿಕಲ್-ಟಂಗ್‌ಸ್ಟನ್. ಸೀಳುವ ಹಂತದಲ್ಲಿ ಜೊತೆಗೆ ಜಿಯೋಲೈಟ್ ಎಂಬ ಆಮ್ಲೀಯ ಖನಿಜ ಇರುತ್ತದೆ.

ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ನಿಕಲ್ ಲೋಹದ ಪುಡಿಯಿಂದ ಹೈಡ್ರೋಜನ್ ಸೇರಿಸಬಹುದು ಎಂದು ತೋರಿಸಿದ ಫ್ರಾನ್ಸಿನ ಪಾಲ್ ಸಬಾತಿಯೇ ಅವರಿಗೆ 1912ರಲ್ಲಿ ನೊಬೆಲ್ ಬಂತು. ಆದರೆ ಆ ನಿಕಲ್‌ಗೆ ಗಂಧಕವೆಂದರೆ ವಿಷ, ಚೂರು ತಗುಲಿದರೂ ಅದು ಸತ್ತಂತೆ. ಟಾರಿನಲ್ಲಿ ಗಂಧಕ ಇದ್ದೇ ಇರುತ್ತದೆ. ಜರ್ಮನಿಯ ಬಿಎಎಸ್‌ಎಫ್‌ನಲ್ಲಿ ಮಥಿಯಾಸ್ ಪಿಯರ್ ಅವರ ತಂಡ 1920ರ ದಶಕದಲ್ಲಿ ಹಿಡಿದ ದಾರಿ ತಲೆಕೆಳಗಾದದ್ದು: ಗಂಧಕಕ್ಕೆ ಹೆದರುವ ಬದಲು ಲೋಹದ ಸಲ್ಫೈಡನ್ನೇ ಕ್ರಿಯಾವರ್ಧಕ ಮಾಡಿದರು. ಮಾಲಿಬ್ಡಿನಂ, ಟಂಗ್‌ಸ್ಟನ್ ಸಲ್ಫೈಡ್‌ಗಳು ಗಂಧಕದ ನಡುವೆಯೇ ಕೆಲಸ ಮಾಡುತ್ತವೆ. ಇಂದಿಗೂ ಹೊಸ ಕ್ಯಾಟಲಿಸ್ಟ್ ತುಂಬಿದ ಮೇಲೆ, ಟಾರು ಬಿಡುವ ಮೊದಲು, ಗಂಧಕದ ಸಂಯುಕ್ತ ಹಾಯಿಸಿ ಅದನ್ನು ಸಲ್ಫೈಡ್ ಮಾಡಿಕೊಳ್ಳುತ್ತಾರೆ. ಆ ಕೆಲಸ ಅರೆಬರೆಯಾದರೆ ಇಡೀ ವರ್ಷ ಅದರ ಫಲ ಉಣ್ಣಬೇಕಾಗುತ್ತದೆ.

ಭಾರವಾದ, ಕೆಸರು ತುಂಬಿದ ಟಾರಿಗೆ ದುಬಾರಿ ಕಾಳು ಹಾಕಿದರೆ ಹಾಳು. ಅಲ್ಲಿ ಬಳಸಿ ಬಿಸಾಡುವ ಅಗ್ಗದ ಕಬ್ಬಿಣದ ಪುಡಿಯನ್ನೇ ಟಾರಿಗೆ ಕಲಸಿಬಿಡುತ್ತಾರೆ. ಜರ್ಮನ್ನರು ಇದಕ್ಕೆ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ, ಕಬ್ಬಿಣದ ಆಕ್ಸೈಡ್ ತುಂಬಿದ ಕೆಂಪು ಕೆಸರನ್ನು ಬಳಸಿದರು. ಅದೇ ಜಾತಿಯ ಕೆಂಪು ಕೆಸರು ನಮ್ಮ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಿಂದಲೂ ಹೊರಬೀಳುತ್ತದೆ. ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇದನ್ನು ಮೊದಲು ಮಾಡಿದವರು ಯಾರು?

ಫ್ರೀಡ್ರಿಶ್ ಬೆರ್ಗಿಯಸ್ 1913ರಲ್ಲಿ ಪೇಟೆಂಟ್ ಪಡೆದರು. ಕಲ್ಲಿದ್ದಲಿಗೂ ಭಾರ ಎಣ್ಣೆಗಳಿಗೂ ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಸೇರಿಸುವ ವಿಧಾನ ಅದು. 1931ರ ರಸಾಯನಶಾಸ್ತ್ರ ನೊಬೆಲ್ ಅವರಿಗೂ ಕಾರ್ಲ್ ಬಾಷ್‌ಗೂ ಹಂಚಿಕೆಯಾಯಿತು. 1927ರಲ್ಲಿ ಲೊಯ್ನಾದಲ್ಲಿ ದೊಡ್ಡ ಘಟಕ ಶುರುವಾಯಿತು. ಕಂದು ಕಲ್ಲಿದ್ದಲು, ಅದರ ಟಾರು ಎರಡೂ ಅಲ್ಲಿ ಪೆಟ್ರೋಲ್ ಆದವು.

ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿ 1935ರಲ್ಲಿ ಇಂಥದ್ದೇ ಘಟಕ ತೆರೆಯಿತು. ಕಲ್ಲಿದ್ದಲಿನ ಜೊತೆಗೆ ಟಾರಿನಿಂದ ಬಟ್ಟಿ ಇಳಿಸಿದ ಕ್ರಿಯೋಸೋಟ್ ಎಣ್ಣೆಯನ್ನೂ ಅಲ್ಲಿ ಪೆಟ್ರೋಲ್ ಮಾಡಿದರು, ಯುದ್ಧಕಾಲದಲ್ಲಿ ವಿಮಾನದ ಪೆಟ್ರೋಲಿಗೂ ಅದು ಒಂದು ಮೂಲವಾಯಿತು. ಆದರೆ ಆ ಘಟಕ ಹುಟ್ಟಿದ್ದು, ದೇಶದಲ್ಲೇ ತಯಾರಾದ ಪೆಟ್ರೋಲಿಗೆ ಸುಂಕದ ರಿಯಾಯಿತಿ ಖಾತರಿ ಮಾಡಿದ 1934ರ ಕಾನೂನಿನ ಆಸರೆಯಲ್ಲಿ. ಮುಕ್ತ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಎದುರು ಅದು ನಿಲ್ಲುತ್ತಿರಲಿಲ್ಲ.

ಜರ್ಮನಿಯ ಕಥೆಯನ್ನು ಬರೀ ತಂತ್ರಜ್ಞಾನದ ಗೆಲುವಾಗಿ ಹೇಳುವವರನ್ನು ಕಂಡರೆ ನನಗೆ ಬೇಸರ. ಝೈಟ್ಸ್ ಬಳಿಯ ಟ್ರೋಗ್ಲಿಟ್ಸ್ ಘಟಕ ಕಂದು ಕಲ್ಲಿದ್ದಲಿನ ಟಾರಿಗೆಂದೇ ಕಟ್ಟಿದ್ದು. 1944ರ ಮೇ ತಿಂಗಳಿನಿಂದ ಇಂಥ ಇಂಧನ ಘಟಕಗಳ ಮೇಲೆ ಬಾಂಬು ಬಿದ್ದಾಗ, ಟ್ರೋಗ್ಲಿಟ್ಸ್ ಅನ್ನು ಮತ್ತೆ ಎತ್ತಿ ನಿಲ್ಲಿಸಲು ಬೂಕೆನ್‌ವಾಲ್ಡ್ ನಾಜಿ ಬಂದೀಖಾನೆಯ ಯಹೂದಿ ಕೈದಿಗಳನ್ನು ತಂದು ದುಡಿಸಿದರು. ಸಾವಿರಾರು ಜನ ಸತ್ತರು. ಈ ವಿದ್ಯೆ ಕಲಿಸುವಾಗ ಒತ್ತಡ, ತಾಪದ ಅಂಕಿಗಳ ಜೊತೆಗೆ ಇದನ್ನೂ ಹೇಳಬೇಕು.

ಟಾರು ಒಳಗೆ ಹೋಗಿ ಡೀಸೆಲ್ ಆಗಿ ಬರುವವರೆಗೆ ಏನೇನು ಹಂತ?

ಮೊದಲು ತೊಳೆದು ಹಸನು ಮಾಡುವುದು. ಕಚ್ಚಾ ಟಾರಿನಲ್ಲಿ ನೀರು, ಕಲ್ಲಿದ್ದಲಿನ ನುಣ್ಣನೆ ಪುಡಿ, ಬೂದಿ, ಕಬ್ಬಿಣ, ಕ್ಯಾಲ್ಸಿಯಂ, ಸೋಡಿಯಂ, ಕ್ಲೋರೈಡ್ ಇರುತ್ತವೆ. ಇಳಿಸಿಡುವುದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವುದು, ಸೋಸುವುದು, ಇವು ನೋಡಲು ಸಣ್ಣ ಕೆಲಸ. ಆದರೆ ಘಟಕ ನಿಲ್ಲುವುದು ಬಹುತೇಕ ಇಲ್ಲಿನ ನಿರ್ಲಕ್ಷ್ಯದಿಂದ. ಪುಡಿ ಒಳಗೆ ಹೋದರೆ ಕ್ಯಾಟಲಿಸ್ಟ್ ಹಾಸಿನ ಮೇಲೆ ಕೆನೆಗಟ್ಟಿದ ಹಾಗೆ ಕೂತು ದಾರಿ ಮುಚ್ಚುತ್ತದೆ. ಒತ್ತಡದ ವ್ಯತ್ಯಾಸ ಏರುತ್ತಾ ಹೋಗಿ, ಒಳಗಿನ ಕ್ಯಾಟಲಿಸ್ಟ್ ಇನ್ನೂ ಗಟ್ಟಿಯಿರುವಾಗಲೇ ಬಂದ್ ಮಾಡಬೇಕಾಗುತ್ತದೆ.

ಆಮೇಲೆ ಪಿಚ್ ಏನು ಮಾಡುವುದೆಂಬ ತೀರ್ಮಾನ. ಸುಲಭದ ದಾರಿ, ಬಟ್ಟಿ ಇಳಿಸಿ ಪಿಚ್ ಬಿಟ್ಟು ಮೇಲಿನದಕ್ಕಷ್ಟೇ ಹೈಡ್ರೋಜನ್ ಕೊಡುವುದು. ಎರಡನೆಯದು, ಇಡೀ ಟಾರನ್ನು ಡಿಲೇಡ್ ಕೋಕಿಂಗ್‌ಗೆ ಹಾಕಿ ಭಾರ ಭಾಗವನ್ನು ಕೋಕ್ ಮಾಡಿ ಬರುವ ಎಣ್ಣೆಯನ್ನು ತೆಗೆದುಕೊಳ್ಳುವುದು. ಮೂರನೆಯದು, ಮೇಲೆ ಹೇಳಿದ ಹಾಗೆ ಕಬ್ಬಿಣ ಅಥವಾ ಮಾಲಿಬ್ಡಿನಂ ಪುಡಿ ಕಲಸಿ ಪಿಚ್ಚನ್ನೂ ಸೇರಿಸಿ ಇಡಿಯಾಗಿ ಸೀಳುವುದು. ಇದರಲ್ಲಿ ಎಣ್ಣೆ ಹೆಚ್ಚು ಸಿಗುತ್ತದೆ, ತಲೆನೋವೂ ಹೆಚ್ಚು.

ಮುಖ್ಯ ಭಾಗ ರಿಯಾಕ್ಟರ್. ಕಾಳು ತುಂಬಿದ ಸ್ಥಿರ ಹಾಸಿನ ರಿಯಾಕ್ಟರಿನಲ್ಲಿ ಸಾಮಾನ್ಯವಾಗಿ 360ರಿಂದ 420 ಡಿಗ್ರಿ ತಾಪ, 12ರಿಂದ 18 ಮೆಗಾಪಾಸ್ಕಲ್ ಒತ್ತಡ. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ವಾತಾವರಣದ ಎರಡು ಪಟ್ಟು ಒತ್ತಡವಿರುತ್ತದೆ. ಇಲ್ಲಿ ನೂರಿಪ್ಪತ್ತರಿಂದ ನೂರೆಂಬತ್ತು ಪಟ್ಟು.

ಹೈಡ್ರೋಜನ್ ಸೇರುವಾಗ ಕಾವು ಹುಟ್ಟುತ್ತದೆ. ಬೆಂಜೀನ್ ಸೈಕ್ಲೋಹೆಕ್ಸೇನ್ ಆದರೆ ಪ್ರತಿ ಮೋಲ್‌ಗೆ 206 ಕಿಲೋಜೂಲ್. ಒಂದು ಟನ್ ಟಾರಿಗೆ ಲೆಕ್ಕ ಹಾಕಿದರೆ, ತಣಿಸದೆ ಬಿಟ್ಟಾಗ ತಾಪ ನೂರಾರು ಡಿಗ್ರಿ ಏರುವಷ್ಟು ಶಾಖ. ಅದಕ್ಕೇ ಕ್ಯಾಟಲಿಸ್ಟನ್ನು ಹಲವು ಹಾಸುಗಳಾಗಿ ಬಿಡಿಸಿ, ನಡುನಡುವೆ ತಣ್ಣನೆಯ ಹೈಡ್ರೋಜನ್ ಚುಚ್ಚುತ್ತಾರೆ. ಇನ್ನೊಂದು ತೊಡಕೂ ಇದೆ. ತಾಪ ಹೆಚ್ಚಾದರೆ ತುಂಬಿದ ಉಂಗುರ ಹೈಡ್ರೋಜನ್ ಬಿಟ್ಟು ಮತ್ತೆ ಮೊದಲಿನಂತಾಗುತ್ತದೆ. ಕ್ಯಾಟಲಿಸ್ಟ್ ಹಳತಾಗುತ್ತಾ ಬಂದಂತೆ ಅದನ್ನು ಹುರಿದುಂಬಿಸಲು ಆಪರೇಟರ್ ತಾಪ ಏರಿಸುತ್ತಾ ಹೋಗುತ್ತಾನೆ. ಒಂದು ಮಟ್ಟ ದಾಟಿದ ಮೇಲೆ ಏರಿಸಿದಷ್ಟೂ ನಷ್ಟವೇ.

ಹೊರಬಂದದ್ದನ್ನು ತಣಿಸುವಾಗ ಅಮೋನಿಯಾ, ಕ್ಲೋರೈಡ್, ಹೈಡ್ರೋಜನ್ ಸಲ್ಫೈಡ್ ಸೇರಿ ಉಪ್ಪಾಗಿ ಕೊಳವೆ ಕಟ್ಟುತ್ತವೆ. ನೀರು ಚುಚ್ಚಿ ಕರಗಿಸಿ ತೆಗೆಯಬೇಕು. ಉಳಿದ ಹೈಡ್ರೋಜನ್ ಮತ್ತೆ ಒಳಗೆ ಹೋಗುತ್ತದೆ. ದ್ರವ ಬಟ್ಟಿಗೆ ಹೋಗಿ ನಾಫ್ತಾ (ಪೆಟ್ರೋಲಿನಂಥ ಹಗುರ ಭಾಗ), ಡೀಸೆಲ್, ಉಳಿಕೆ ಎಣ್ಣೆ ಎಂದು ಬೇರೆಯಾಗುತ್ತದೆ.

ಇದರ ಹತ್ತಿರದ ನೆಂಟನನ್ನು ಕರ್ನಾಟಕದಲ್ಲೇ ನೋಡಬಹುದು: ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಕ್ರ್ಯಾಕರ್‌ಗಳಿವೆ. ಹೈಡ್ರೋಜನ್ ಕೊಟ್ಟು ಸೀಳುವ ಆ ಘಟಕಗಳ ಒಳಗೆ ಕಚ್ಚಾ ತೈಲದ ಭಾರ ಭಾಗ ಹೋಗುತ್ತದೆ, ಟಾರಲ್ಲ. ತತ್ವ ಅದೇ.

ಒಂದು ಟನ್ ಟಾರಿಗೆ ಎಷ್ಟು ಹೈಡ್ರೋಜನ್ ಬೇಕು?

ಅಲ್ಪ ತಾಪದ ಟಾರಿಗೆ ತೂಕದ ಶೇ. 4ರಿಂದ 6. ಶೇ. 5 ಎಂದು ಹಿಡಿದರೆ 50 ಕಿಲೋ. ಅನಿಲವಾಗಿ ಅಳೆದರೆ ಸುಮಾರು 560 ಘನ ಮೀಟರ್.

ಈ 50 ಕಿಲೋ ಎಲ್ಲಿ ಹೋಗುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿ, ಕಣ್ಣು ತೆರೆಯುತ್ತದೆ. ಟಾರಿನಲ್ಲಿ ಶೇ. 6 ಆಮ್ಲಜನಕ ಇದೆ ಎನ್ನಿ, ಟನ್ನಿಗೆ 60 ಕಿಲೋ. ಅದು ಪೂರ್ತಿ ನೀರಾಗಲು ಸುಮಾರು 7.5 ಕಿಲೋ ಹೈಡ್ರೋಜನ್ ಬೇಕು, ಸಿಗುವುದು 67 ಕಿಲೋ ನೀರು. ಅಂದರೆ ಕೊಂಡು ತಂದ ಹೈಡ್ರೋಜನ್ನಿನ ಏಳನೇ ಒಂದು ಭಾಗ ಚರಂಡಿಯ ಪಾಲು. ಆ ಆಮ್ಲಜನಕದ ಬಹುಪಾಲು ಇರುವುದು ಫೀನಾಲ್, ಕ್ರೆಸಾಲ್‌ಗಳಲ್ಲಿ. ಇವು ರಾಳ, ಕ್ರಿಮಿನಾಶಕ, ಔಷಧ ತಯಾರಿಕೆಗೆ ಬೇಕಾದ ಸರಕು, ಡೀಸೆಲ್‌ಗಿಂತ ಬೆಲೆಯಾದವು. ದುಬಾರಿ ಸರಕಿಗೆ ದುಬಾರಿ ಅನಿಲ ಸುರಿದು ಅಗ್ಗದ ಇಂಧನ ಮಾಡುವುದು ಯಾವ ನ್ಯಾಯ? ಫೀನಾಲ್ ಹೆಚ್ಚಿರುವ ಟಾರನ್ನು ಮೊದಲು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಅವನ್ನು ತೆಗೆದಿಟ್ಟುಕೊಂಡು ಆಮೇಲೆ ರಿಯಾಕ್ಟರಿಗೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೊಳೆದ ನೀರಿನ ಶುದ್ಧೀಕರಣ ಕಷ್ಟ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಆ ಹೈಡ್ರೋಜನ್ ಎಲ್ಲಿಂದ ಬರುತ್ತದೆ?

ಕೋಕ್ ಒಲೆಯ ಅನಿಲದಲ್ಲೇ ಅದು ಇದೆ, ಶೇ. 55ರಿಂದ 60ರಷ್ಟು. ಒಂದು ಟನ್ ಕಲ್ಲಿದ್ದಲಿಗೆ ಸುಮಾರು 300 ಘನ ಮೀಟರ್ ಅನಿಲ ಬರುತ್ತದೆ. ಅದರಲ್ಲಿ 165 ಘನ ಮೀಟರ್‌ನಷ್ಟು ಹೈಡ್ರೋಜನ್. ಅದೇ ಟನ್ನಿನಿಂದ ಬಂದ 35 ಕಿಲೋ ಟಾರಿಗೆ ಶೇ. 7ರ ಲೆಕ್ಕದಲ್ಲಿ ಕೊಟ್ಟರೂ 30 ಘನ ಮೀಟರ್ ದಾಟುವುದಿಲ್ಲ. ಕಾಗದದ ಮೇಲೆ ಸಮೃದ್ಧಿ! ಆದರೆ ಆ ಅನಿಲ ಯಾರೂ ಕೇಳದೆ ಬಿದ್ದಿರುವುದಲ್ಲ. ಅದರಿಂದಲೇ ಕೋಕ್ ಒಲೆ ಕಾಯುತ್ತದೆ, ಉಕ್ಕಿನ ಗಟ್ಟಿ ಕಾಯುತ್ತದೆ, ವಿದ್ಯುತ್ ಬರುತ್ತದೆ. ಹೈಡ್ರೋಜನ್ ಕಿತ್ತುಕೊಂಡರೆ ಆ ಒಲೆಗಳಿಗೆ ಬದಲಿ ಇಂಧನ ಕೊಡಬೇಕು. ಪ್ರಾಜೆಕ್ಟ್ ವರದಿಗಳಲ್ಲಿ "ಹೈಡ್ರೋಜನ್ ಉಚಿತ" ಎಂಬ ಸಾಲು ಕಂಡರೆ ಅಲ್ಲೇ ನಿಂತು ಪ್ರಶ್ನೆ ಕೇಳಿ.

ಬೇರೆ ದಾರಿ ಕಲ್ಲಿದ್ದಲನ್ನೇ ಅನಿಲ ಮಾಡುವುದು. ಹಾಗೆ ತೆಗೆದ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 20 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನೈಸರ್ಗಿಕ ಅನಿಲದಿಂದಾದರೆ ಅದರ ಅರ್ಧ.

ಹಸಿರು ಹೈಡ್ರೋಜನ್ ಬಳಸಬಹುದಲ್ಲ?

ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಪಡೆಯಲು 50ರಿಂದ 55 ಯೂನಿಟ್ ಬೇಕು. 50 ಕಿಲೋಗೆ 2,500 ಯೂನಿಟ್‌ಗೆ ಮೇಲೆ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ಬರೀ ವಿದ್ಯುತ್ತಿಗೇ 15,000 ರೂಪಾಯಿ, ಒಂದು ಟನ್ ಟಾರಿಗೆ. ಅಷ್ಟು ಕಷ್ಟಪಟ್ಟು ತಂದ ಶುದ್ಧ ಹೈಡ್ರೋಜನ್ನನ್ನು ಕೊನೆಗೆ ಸುಟ್ಟು ಹೋಗುವ ಡೀಸೆಲ್‌ಗೆ ಸೇರಿಸುವುದಕ್ಕಿಂತ ರಸಗೊಬ್ಬರದ ಅಮೋನಿಯಾಕ್ಕೆ ಕೊಡುವುದು ಮೇಲು.

ಸಿಗುವ ಡೀಸೆಲ್ ಬಂಕಿನ ಡೀಸೆಲ್‌ಗೆ ಸಮವೇ?

ಗಂಧಕದಲ್ಲಿ ಸಮ ಮಾಡಬಹುದು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡ ಕೇಳುವುದು 10 ಪಿಪಿಎಂ, ಅದು ಸಾಧ್ಯ. ಕಷ್ಟ ಸೀಟೇನ್ ಸಂಖ್ಯೆಯದು, ಅಂದರೆ ಇಂಜಿನ್ನಿನಲ್ಲಿ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಳತೆಯದು. ಬಿಎಸ್-6ಕ್ಕೆ ಕನಿಷ್ಠ 51 ಬೇಕು. ಟಾರಿನ ಡೀಸೆಲ್ ಉಂಗುರಗಳ ಡೀಸೆಲ್, ಹೈಡ್ರೋಜನ್ ತುಂಬಿದರೂ ಉಂಗುರ ಉಂಗುರವೇ. ಸೀಟೇನ್ ಸಾಮಾನ್ಯವಾಗಿ 35ರಿಂದ 45ರ ನಡುವೆ ನಿಲ್ಲುತ್ತದೆ. ಸಾಂದ್ರತೆಯೂ ಲೀಟರಿಗೆ 845 ಗ್ರಾಂ ಎಂಬ ಮಿತಿಯನ್ನು ಮೀರುವುದುಂಟು. ಆದ್ದರಿಂದ ನೇರ ಮಾರುವುದಲ್ಲ, ಒಳ್ಳೆಯ ಡೀಸೆಲ್ ಜೊತೆ ಬೆರೆಸುವ ಸರಕು ಅದು.

ಆದರೆ ಅದೇ ಉಂಗುರಗಳು ಇನ್ನೆರಡು ಕಡೆ ವರ. ಅದು ಚಳಿಗೆ ಗಟ್ಟಿಯಾಗುವುದಿಲ್ಲ, ಲೀಟರಿಗೆ ಹೆಚ್ಚು ಶಕ್ತಿ ಹಿಡಿಯುತ್ತದೆ. ಇದು ವಿಮಾನದ ಇಂಧನಕ್ಕೆ ಬೇಕಾದ ಗುಣ. ನಾಫ್ತಾ ಭಾಗವಂತೂ, ಹಗುರ ಎಣ್ಣೆಯನ್ನು ಬೆಂಜೀನ್ ಜಾತಿಯ ಉಂಗುರಗಳಾಗಿ ಬದಲಿಸುವ ಘಟಕವಾದ ರಿಫಾರ್ಮರ್‌ಗೆ ಹೇಳಿ ಮಾಡಿಸಿದ್ದು, ಬೆಂಜೀನ್, ಟಾಲ್ಯೂಯಿನ್, ಜೈಲೀನ್ ಧಾರಾಳವಾಗಿ ಕೊಡುತ್ತದೆ.

ಇಂದು ದೊಡ್ಡ ಪ್ರಮಾಣದಲ್ಲಿ ಎಲ್ಲಿ ನಡೆಯುತ್ತಿದೆ?

ಚೀನಾದಲ್ಲಿ, ಮುಖ್ಯವಾಗಿ ಶಾನ್‌ಶಿ (Shaanxi) ಪ್ರಾಂತ್ಯದ ಯೂಲಿನ್ ಪ್ರದೇಶದ ಶೆನ್‌ಮು, ಫೂಗು ಕಡೆ. ಅಲ್ಲಿನ ಕಲ್ಲಿದ್ದಲು ಉಕ್ಕಿನ ಕೋಕ್‌ಗೆ ಬರುವುದಿಲ್ಲ. ಅದನ್ನು ಲಂಬ ಒಲೆಗಳಲ್ಲಿ ಕಡಿಮೆ ಕಾವಿನಲ್ಲಿ ಕಾಯಿಸಿ "ಲಾನ್‌ತಾನ್" ಎಂಬ ಅರೆ ಕೋಕ್ ಮಾಡುತ್ತಾರೆ. ಫೆರೋ ಮಿಶ್ರಲೋಹಕ್ಕೂ ಕ್ಯಾಲ್ಸಿಯಂ ಕಾರ್ಬೈಡ್‌ಗೂ ಅದು ಬೇಕು. ಜೊತೆಗೆ ಬರುವ ಟಾರು ಅಲ್ಪ ತಾಪದ್ದು, ಅದೂ ಒಂದೇ ಜಿಲ್ಲೆಯಲ್ಲಿ, ರಾಶಿ ರಾಶಿ. ಪಕ್ಕದಲ್ಲೇ ಅನಿಲವೂ ಇದೆ. ನಾನು ಆರಂಭದಲ್ಲಿ ಕೇಳಿದ ಎರಡೂ ಪ್ರಶ್ನೆಗೆ ಅಲ್ಲಿ ಒಂದೇ ಅಂಗಳದಲ್ಲಿ ಉತ್ತರ ಸಿಕ್ಕಿದ್ದರಿಂದ ಅಲ್ಲಿ ಇದು ಬೇರು ಬಿಟ್ಟಿತು.

ತೋರಣಗಲ್ಲಿನಲ್ಲಿ ಅಷ್ಟೊಂದು ಟಾರು ಬರುತ್ತದೆ. ಅಲ್ಲಿ ಯಾಕೆ ಮಾಡುವುದಿಲ್ಲ?

ಬಳ್ಳಾರಿ ಸೀಮೆಯಿಂದ ಹೆಚ್ಚು ಬರುವ ಪ್ರಶ್ನೆ ಇದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗಳಿಂದ ಬರುವುದು ಅಧಿಕ ತಾಪದ ಟಾರು. ಹೈಡ್ರೋಜನ್ ಅಂತರ ಬಹಳ ದೊಡ್ಡದು. ಅದಕ್ಕಿಂತ ಮುಖ್ಯವಾಗಿ, ಆ ಟಾರಿಗೆ ಇದ್ದ ಹಾಗೇ ಒಳ್ಳೆಯ ಬೆಲೆಯಿದೆ. ಪಿಚ್ ಇಲ್ಲದೆ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಯ ಆನೋಡ್ ಕಟ್ಟಲಾಗುವುದಿಲ್ಲ. ಭಾರ ಎಣ್ಣೆ ಟೈರಿಗೆ ಬೇಕಾದ ಕಾರ್ಬನ್ ಬ್ಲ್ಯಾಕ್ ಆಗುತ್ತದೆ. ನ್ಯಾಫ್ತಲೀನ್‌ನಿಂದ ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ ಮಾಡುತ್ತಾರೆ. ಪಿಚ್‌ನಿಂದ ಮಾಡಿದ ಕೋಕ್ ಬ್ಯಾಟರಿಯ ಗ್ರಾಫೈಟ್‌ಗೂ ಹೋಗುತ್ತದೆ. ಈ ಗಿರಾಕಿಗಳಿಗೆ ಬೇಕಾಗಿರುವುದು ಇಂಗಾಲ. ಅವರು ಕೈ ನೀಡಿ ನಿಂತಿರುವಾಗ ಹೈಡ್ರೋಜನ್ ತುಂಬಿ ಡೀಸೆಲ್ ಮಾಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಭಾರತದಲ್ಲಿ ಅಲ್ಪ ತಾಪದ ಟಾರು ಎಲ್ಲಿದೆ?

ಇತ್ತು, ಚದುರಿ ಹೋಗಿತ್ತು. ನೈವೇಲಿಯಲ್ಲಿ ಲಿಗ್ನೈಟನ್ನು (ಕಂದು ಕಲ್ಲಿದ್ದಲು) ಇಟ್ಟಿಗೆ ಮಾಡಿ ಕಡಿಮೆ ಕಾವಿನಲ್ಲಿ ಕಾಯಿಸುವ ಘಟಕ ಇತ್ತು. ಕೋಲ್ಕತ್ತಾ ಬಳಿಯ ಡಾಂಕುನಿಯಲ್ಲಿ ನಗರಕ್ಕೆ ಅನಿಲ ಕೊಡಲು ಕಟ್ಟಿದ ಘಟಕದಿಂದಲೂ ಇಂಥ ಟಾರು ಬರುತ್ತಿತ್ತು. ಗುಜರಾತಿನ ಮೋರ್ಬಿಯಲ್ಲಿ ನೂರಾರು ಟೈಲ್ಸ್ ಕಾರ್ಖಾನೆಗಳು ಸಣ್ಣ ಸಣ್ಣ ಗ್ಯಾಸಿಫೈಯರ್, ಅಂದರೆ ಕಲ್ಲಿದ್ದಲನ್ನು ಅನಿಲ ಮಾಡುವ ಒಲೆ, ಇಟ್ಟುಕೊಂಡಿದ್ದವು. ಅವುಗಳ ಟಾರು, ಟಾರು ನೀರು ಎಲ್ಲೆಂದರಲ್ಲಿ ಸುರಿದು ಮಣ್ಣು ನೀರು ಕೆಟ್ಟವು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ಗ್ಯಾಸಿಫೈಯರ್‌ಗಳನ್ನು ಮುಚ್ಚಲು ಹೇಳಿತು. ಆ ಟಾರನ್ನು ಒಟ್ಟುಮಾಡಿ ಬಳಸುವ ಏರ್ಪಾಡು ಮೊದಲೇ ಇದ್ದಿದ್ದರೆ ಎಂದು ಆ ಸುದ್ದಿ ಓದಿದಾಗ ಮನಸ್ಸಿಗೆ ಬಂದದ್ದು ಇಂದಿಗೂ ಹೋಗಿಲ್ಲ.

ಈಗ ಆಸೆ ಇಡಬಹುದಾದ ಜಾಗ ದೊಡ್ಡ ಗ್ಯಾಸಿಫಿಕೇಶನ್ ಘಟಕಗಳು. ಒಡಿಶಾದ ಅಂಗುಲ್‌ನಲ್ಲಿ ಕಲ್ಲಿದ್ದಲು ಅನಿಲದಿಂದ ಸ್ಪಾಂಜ್ ಐರನ್ ಮಾಡುವ ಘಟಕದಲ್ಲಿ ಲುರ್ಗಿ ಮಾದರಿಯ ಗ್ಯಾಸಿಫೈಯರ್‌ಗಳಿವೆ. ಈ ಮಾದರಿಯಲ್ಲಿ ಟಾರು ಬಂದೇ ಬರುತ್ತದೆ. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡುವ ಗುರಿ ಕೇಂದ್ರ ಸರ್ಕಾರದ್ದು, 2024ರ ಜನವರಿಯಲ್ಲಿ ಅದಕ್ಕೆ 8,500 ಕೋಟಿ ರೂಪಾಯಿ ಪ್ರೋತ್ಸಾಹಧನವೂ ಮಂಜೂರಾಗಿದೆ. ಆದರೆ ಟಾರು ಬರುವುದು ಯಾವ ಮಾದರಿಯ ಗ್ಯಾಸಿಫೈಯರ್ ಎಂಬುದರ ಮೇಲೆ ನಿಂತಿದೆ. 1,300 ಡಿಗ್ರಿ ದಾಟುವ ಮಾದರಿಗಳಲ್ಲಿ ಟಾರು ಉಳಿಯುವುದೇ ಇಲ್ಲ.

ಸಣ್ಣ ಘಟಕ ಹಾಕಬಹುದೇ? ಶೆಡ್ ಇದೆ, ಲೈಸೆನ್ಸ್ ಮಾಡಿಸುತ್ತೇನೆ.

ದಯವಿಟ್ಟು ಬೇಡ. 150 ಬಾರ್ (ವಾತಾವರಣದ ಸುಮಾರು 150 ಪಟ್ಟು) ಒತ್ತಡದ ಹೈಡ್ರೋಜನ್ ಶೆಡ್ಡಿನಲ್ಲಿ ಆಡುವ ವಸ್ತುವಲ್ಲ. ಬಿಸಿ ಹೈಡ್ರೋಜನ್ ಸಾಮಾನ್ಯ ಉಕ್ಕಿನ ಒಳಹೊಕ್ಕು ಅದರ ಇಂಗಾಲವನ್ನು ಮೀಥೇನ್ ಮಾಡಿ ಒಳಗಿನಿಂದಲೇ ಬಿರುಕು ಬಿಡಿಸುತ್ತದೆ. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ದಪ್ಪ ಗೋಡೆಯ ರಿಯಾಕ್ಟರೇ ಬೇಕು. ಸೋರಿದ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಜೊತೆಗಿರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ವಾಸನೆಯ ಶಕ್ತಿಯನ್ನೇ ಕಳೆದು, ಮನುಷ್ಯ ಬಿದ್ದ ಮೇಲೆ ಗೊತ್ತಾಗುವ ಅನಿಲ. ಸಣ್ಣ ಬಂಡವಾಳದವರಿಗೆ ಟಾರಿನಲ್ಲಿ ಕೆಲಸವಿದೆ, ಬಟ್ಟಿ ಇಳಿಸುವುದರಲ್ಲಿ, ಫೀನಾಲ್ ಬೇರ್ಪಡಿಸುವುದರಲ್ಲಿ. ಅದಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತು ಅನುಭವಸ್ಥ ಇಂಜಿನಿಯರ್ ಬೇಕೇ ಬೇಕು.

ಟಾರು ಮೈಗೆ ತಾಗಿದರೆ ಅಪಾಯವೇ?

ಹೌದು. ಲಂಡನ್ನಿನ ಚಿಮಣಿ ಸ್ವಚ್ಛ ಮಾಡುವ ಹುಡುಗರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ 1775ರಲ್ಲೇ ಬರೆದರು. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲು ಟಾರನ್ನೇ ತಿಂಗಳುಗಟ್ಟಲೆ ಸವರಿ 1915ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರು. ಬೆಂಜೋಪೈರೀನ್‌ನಂಥ ಹಲವು ಉಂಗುರದ ಅಣುಗಳೇ ಕಾರಣ. ಟಾರು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಉರಿ, ಗುಳ್ಳೆ ಬೇರೆ. ಟ್ಯಾಂಕರ್ ಇಳಿಸುವವರಿಗೆ, ಸೋಸುವ ಬಟ್ಟೆ ಬದಲಿಸುವವರಿಗೆ ಕೈಗವಸು, ಪೂರ್ತಿ ತೋಳಿನ ಅಂಗಿ, ಕೆಲಸ ಮುಗಿದ ಮೇಲೆ ಸಾಬೂನಿನ ಸ್ನಾನ ಕಡ್ಡಾಯವಾಗಬೇಕು. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಕೈ ತೊಳೆಯುವ ಅಭ್ಯಾಸ ಬಿಡಬೇಕು, ಅದು ಟಾರನ್ನು ಚರ್ಮದ ಒಳಗೆ ಇಳಿಸುತ್ತದೆ. ಹೈಡ್ರೋಜನ್ ಸೇರಿಸಿದ ಮೇಲೆ ಈ ಅಣುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಈ ವಿದ್ಯೆಯ ಪರವಾಗಿ ನನಗಿರುವ ದೊಡ್ಡ ವಾದ ಇದು, ಇಂಧನಕ್ಕಿಂತಲೂ.

ಹಳೇ ಟೈರನ್ನು ಗಾಳಿಯಿಲ್ಲದೆ ಕಾಯಿಸಿ ತೆಗೆಯುವ ಪೈರೋಲಿಸಿಸ್ ಎಣ್ಣೆಗೆ ಇದೇ ಪದ್ಧತಿ ಆಗುತ್ತದೆಯೇ?

ತತ್ವ ಒಂದೇ. ಅದರಲ್ಲಿ ಗಂಧಕ ಹೆಚ್ಚು, ಸಂಗ್ರಹದಲ್ಲೇ ಅಂಟುಗಟ್ಟುವ ಅಣುಗಳೂ ಹೆಚ್ಚು. ಮುಖ್ಯ ರಿಯಾಕ್ಟರಿಗೆ ಮೊದಲು ಕಡಿಮೆ ತಾಪದ ಇನ್ನೊಂದು ಪುಟ್ಟ ರಿಯಾಕ್ಟರ್ ಬೇಕಾಗುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಳ್ಳಬಹುದೇ? ಎಲ್ಲಿಂದ ಶುರು ಮಾಡಲಿ?

ತೆಗೆದುಕೊಳ್ಳಿ. ಆದರೆ ಮೊದಲ ದಿನವೇ ಟಾರು ತರಬೇಡಿ. ಅದರಲ್ಲಿ ಇರುವ ಸಾವಿರಾರು ಅಣುಗಳ ನಡುವೆ ಯಾವುದು ಏನಾಯಿತೆಂದು ತಿಳಿಯುವುದಿಲ್ಲ. ನ್ಯಾಫ್ತಲೀನ್ ಒಂದನ್ನೇ ದ್ರಾವಕದಲ್ಲಿ ಕರಗಿಸಿ, ಕಾಲೇಜಿನ ಅಧಿಕ ಒತ್ತಡದ ಆಟೋಕ್ಲೇವ್‌ನಲ್ಲಿ, ಮೇಷ್ಟರ ಎದುರಿನಲ್ಲಿ ಮಾಡಿ. ಟೆಟ್ರಾಲಿನ್ ಎಷ್ಟು, ಡೆಕಾಲಿನ್ ಎಷ್ಟು ಎಂದು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ನೋಡಿ. ತಾಪ ಏರಿಸುತ್ತಾ ಹೋದಂತೆ ಒಂದು ಹಂತದ ಮೇಲೆ ಡೆಕಾಲಿನ್ ಕಡಿಮೆಯಾಗತೊಡಗುತ್ತದೆ. ಅದು ಯಾಕೆಂದು ಮೇಲೆ ಬರೆದಿದ್ದೇನೆ, ಆದರೂ ನಿಮ್ಮ ಗ್ರಾಫಿನಲ್ಲಿ ಆ ತಿರುವು ಕಂಡ ಮೇಲೆ ಓದಿದ್ದಕ್ಕೆ ಜೀವ ಬರುತ್ತದೆ. ಆಮೇಲೆ ಅದೇ ಮಿಶ್ರಣಕ್ಕೆ ಚೂರು ಕ್ವಿನೋಲಿನ್ ಹಾಕಿ ಮತ್ತೊಮ್ಮೆ ನಡೆಸಿ, ಕ್ಯಾಟಲಿಸ್ಟ್ ಎಷ್ಟು ಸೋಮಾರಿಯಾಗುತ್ತದೆಂದು ಅಳೆಯಿರಿ. ಪ್ರತಿ ಸಲವೂ ಒಳಗೆ ಕೊಟ್ಟ ಹೈಡ್ರೋಜನ್, ಸೇರಿದ ಹೈಡ್ರೋಜನ್, ಉಳಿದ ಹೈಡ್ರೋಜನ್ ಮೂರನ್ನೂ ಬರೆದಿಡಿ. ಮೂರರ ಲೆಕ್ಕ ಕೂಡದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಪ್ರಯೋಗ ನಿಲ್ಲಿಸಿ ಮೊದಲು ಅದನ್ನು ಹುಡುಕಿ.